ತೂತಿನ ದುಡ್ಡು: ಎರಡು ಮಹಾಯುದ್ಧಗಳು ನಮ್ಮಿಂದ ಒಯ್ದದ್ದೆಷ್ಟು?

ಮಾನೌಮಿ ಬಂತೆಂದರೆ ಸಾವಳಗಿಯ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗೆ ಇಳಿಯುತ್ತವೆ. ಹೋದ ವರ್ಷ ಹಾಗೆ ಇಳಿದ ಒಂದು ಜಂಗು ಹಿಡಿದ ಡಬ್ಬಿಯಲ್ಲಿ ಹಳೇ ನಾಣ್ಯಗಳು ಸಿಕ್ಕವು. ಅವುಗಳಲ್ಲಿ ನಾಲ್ಕು ನಾಣ್ಯಗಳಿಗೆ ನಟ್ಟನಡುವೆ ದೊಡ್ಡ ತೂತು. ಆರನೇ ಇಯತ್ತೆ ಓದುವ ನಮ್ಮ ಅಣ್ಣನ ಮಗ ಒಂದನ್ನು ಬೆರಳಿಗೆ ಸಿಗಿಸಿಕೊಳ್ಳಲು ನೋಡುತ್ತ, "ಆಯಿ, ಇದಕ್ಕ ಯಾಕ ತೂತ ಬಿದ್ದೈತಿ?" ಅಂದ.

ಆಯಿಗೆ ಈಗ ತೊಂಬತ್ತರ ಆಸುಪಾಸು. ಕಣ್ಣು ಮಂಜು, ಕಿವಿ ಚುರುಕು. ಕುಂತಲ್ಲಿಂದಲೇ ಹೇಳಿದಳು: "ಯುದ್ಧ ನಡದಿತ್ತಪಾ. ತಾಮ್ರ ಎಲ್ಲಾ ಗುಂಡಿಗೆ ಹೋತು. ರೊಕ್ಕಕ್ಕ ತೂತ ಬಿತ್ತು."

ನಾನು ಹತ್ತು ವರ್ಷದಿಂದ ಪತ್ರಿಕೆಗೆ ಸುದ್ದಿ ಕಳಿಸುವವನು. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಒಂದು ವರದಿ ಬರೆದ ನೆನಪು ನನಗಿಲ್ಲ.

ಅವಳು ಹೇಳಿದ್ದು ನಿಜ. ಆ ನಾಣ್ಯ 1943ರಿಂದ 1947ರವರೆಗೆ ಟಂಕಿಸಿದ ಒಂದು ಪೈಸೆ. ರೂಪಾಯಿಗೆ 64 ಪೈಸೆ ಇದ್ದ ಕಾಲ. ಅದಕ್ಕೂ ಮೊದಲಿನ ಪೈಸೆ ಹೆಚ್ಚುಕಡಿಮೆ ಐದು ಗ್ರಾಂ ತೂಗುತ್ತಿತ್ತು, ಅದರ ಮೇಲೆ ರಾಜನ ತಲೆ ಇರುತ್ತಿತ್ತು. ತೂತಿನ ಪೈಸೆಯದು ಬರೀ ಎರಡು ಗ್ರಾಂ. ರಾಜನ ತಲೆಗೆ ಜಾಗವೇ ಇಲ್ಲ, ಮೇಲೊಂದು ಕಿರೀಟ ಅಷ್ಟೇ. ತಾಮ್ರ ಬೇಕಾಗಿದ್ದದ್ದು ತೋಪಿನ ಗುಂಡಿನ ಕವಚಕ್ಕೆ, ತೋಟೆಗೆ, ತಂತಿಗೆ. ಹಾಗಾಗಿ ಸರಕಾರ ನಮ್ಮ ಪೈಸೆಯ ಹೊಟ್ಟೆಯನ್ನೇ ಕೊರೆದು ತೆಗೆಯಿತು.

ಆಮೇಲೆ ಮಂದಿ ಅದನ್ನು ಉಡದಾರಕ್ಕೆ ಕಟ್ಟಿದರು, ಮೊಳೆಗೆ ವೈಸರ್ ಮಾಡಿಕೊಂಡರು. ನಿಮ್ಮ ಮನೆಯಲ್ಲೂ ಎಲ್ಲೋ ಒಂದು ಇದ್ದೀತು, ಹುಡುಕಿ ನೋಡಿರಿ.

ಆವತ್ತಿನಿಂದ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಜರ್ಮನಿ, ಜಪಾನು, ಇಂಗ್ಲೆಂಡು ಹೊಡೆದಾಡಿದ ಎರಡು ಮಹಾಯುದ್ಧಗಳಿಗೆ ನಮ್ಮ ಈ ಕಪ್ಪು ಮಣ್ಣಿನ ಸೀಮೆ ಕೊಟ್ಟ ಬೆಲೆ ಎಷ್ಟು? ಶಾಲೆಯ ಪುಸ್ತಕದಲ್ಲಿ ಸತ್ತವರ ಸಂಖ್ಯೆ ಇರುತ್ತದೆ. ಆ ಸಂಖ್ಯೆಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ?

ಕೋಟಿ, ಲಕ್ಷ ಅಂತ ಹೇಳಿದರೆ ನಮ್ಮ ಅಂದಾಜಿಗೆ ಸಿಗುವುದಿಲ್ಲ. ಅದಕ್ಕೆ ಒಂದು ಸೇರು ಬೇಕು. ನಾನು ಜಮಖಂಡಿ ಸಂಸ್ಥಾನವನ್ನೇ ಸೇರು ಮಾಡಿಕೊಂಡಿದ್ದೇನೆ. ಪಟವರ್ಧನ ಮನೆತನದ ಈ ಸಂಸ್ಥಾನದಲ್ಲಿ 1901ರ ಜನಗಣತಿಯಂತೆ ಇದ್ದ ಮಂದಿ 1,05,357. ಮುದುಕರು, ಕೂಸುಗಳು, ರಾಜರು, ಕೂಲಿಯವರು ಎಲ್ಲರೂ ಸೇರಿ. ಪಕ್ಕದ ಘೋರ್ಪಡೆಯವರ ಮುಧೋಳ ಸಂಸ್ಥಾನದಲ್ಲಿ 63 ಸಾವಿರ. ಆಗ ನಮ್ಮ ಸೀಮೆ ಚೂರುಚೂರಾಗಿತ್ತು. ಬನಹಟ್ಟಿ ಜಮಖಂಡಿಗೆ, ಅದಕ್ಕೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿಗೆ, ಮಹಾಲಿಂಗಪುರ ಮುಧೋಳಕ್ಕೆ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದವು. ಬೆಳಿಗ್ಗೆ ಸೈಕಲ್ ಹತ್ತಿದವನು ಸಂಜೆಯೊಳಗೆ ನಾಲ್ಕು ಸರಕಾರ ದಾಟಿ ಬರಬಹುದಿತ್ತು.

ಸರಿ, ಇನ್ನು ಅಳೆಯೋಣ.

ಮೊದಲನೇ ಮಹಾಯುದ್ಧ, 1914ರಿಂದ 1918. ಆಗಿನ ಅಖಂಡ ಭಾರತದಿಂದ ಸೇನೆಗೆ ಸೇರಿದವರು 14 ಲಕ್ಷ 40 ಸಾವಿರ. ಅದರಲ್ಲಿ ಬಂದೂಕು ಹಿಡಿದವರು 8 ಲಕ್ಷ 77 ಸಾವಿರ. ಉಳಿದ 5 ಲಕ್ಷ 63 ಸಾವಿರ ಮಂದಿ ಹೇಸರಗತ್ತೆ ಹೊಡೆಯುವವರು, ಅಡುಗೆಯವರು, ಡೋಲಿ ಹೊರುವವರು, ನೀರಿನವರು, ರಸ್ತೆ ಕಡಿಯುವ ಕೂಲಿಗಳು. ನಮ್ಮ ಸೇರಿನಲ್ಲಿ ಅಳೆದರೆ ಇದು ಹದಿಮೂರೂವರೆ ಸೇರಿಗೂ ಹೆಚ್ಚು. ಅಂದರೆ ಹದಿಮೂರು ಜಮಖಂಡಿ ಸಂಸ್ಥಾನಗಳು ಹೆಂಗಸು, ಮಕ್ಕಳು, ಮುದುಕರ ಸಮೇತ ಖಾಲಿಯಾಗಿ ನಡೆದುಹೋದಂತೆ. ಸಿಪಾಯಿಗೆ ತಿಂಗಳ ಸಂಬಳ 11 ರೂಪಾಯಿ.

ಸತ್ತವರು ಸುಮಾರು 74 ಸಾವಿರ. ಮುಕ್ಕಾಲು ಸೇರಿಗೆ ಒಂದು ಹಿಡಿ ಕಡಿಮೆ.

ಯುರೋಪಿನ ಲೆಕ್ಕದ ಮುಂದೆ ಇದು ಸಣ್ಣದು ಅನಿಸುತ್ತದೆ. ಎಲ್ಲ ದೇಶಗಳ ಸೈನಿಕರು ಸೇರಿ 90 ಲಕ್ಷದಿಂದ ಒಂದು ಕೋಟಿ ಮಂದಿ ಸತ್ತರು. ಫ್ರಾನ್ಸಿನ ಸೋಮ್ ಎಂಬಲ್ಲಿ 1916ರ ಜುಲೈ 1ರಂದು, ಒಂದೇ ದಿನ, ಬ್ರಿಟಿಷ್ ಸೇನೆಯ 57,470 ಮಂದಿ ಸತ್ತೋ ಗಾಯಗೊಂಡೋ ಬಿದ್ದರು. ಸತ್ತವರೇ 19,240. ಮುಧೋಳ ಸಂಸ್ಥಾನದ ಎಲ್ಲ ಜನ 63 ಸಾವಿರ ಅಂದೆನಲ್ಲ, ಹೊತ್ತು ಮುಳುಗುವುದರೊಳಗೆ ಅಷ್ಟೂ ಮಂದಿಗೆ ಹತ್ತಿರ ಬಂತು.

ನಮ್ಮ ಭಾಗದವರು ಹೋದದ್ದು ಎಲ್ಲಿಗೆ? ಮೈಸೂರು ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕಥೆ ಬಹಳ ಮಂದಿಗೆ ಗೊತ್ತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರಲ್ಲಿ ಒಬ್ಬ ಮೈಸೂರಿನವನು. ಅದು ಮೈಸೂರು ಕಡೆಯ ಮಾತು, ಭಾಷಣದಲ್ಲಿ ಹೇಳಲು ಚೆನ್ನಾಗಿದೆ. ಮುಂಬಯಿ ಪ್ರಾಂತದ ನಮ್ಮ ಕಡೆ ಹೇಳಬೇಕಾದ ಹೆಸರು ಮರಾಠಾ ಪಲ್ಟಣಗಳು. ಈಗ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ಪಲ್ಟಣಗಳವು. ಅವು ಹೆಚ್ಚಾಗಿ ಕಾದಿದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕಿನಲ್ಲಿ.

ಅಲ್ಲಿ ಕುತ್ ಅಂತ ಟೈಗ್ರಿಸ್ ನದಿಯ ದಂಡೆಯ ಊರು. 1915ರ ಡಿಸೆಂಬರಿನಲ್ಲಿ ತುರ್ಕರು ಅದನ್ನು ಸುತ್ತುವರಿದರು. ಒಳಗೆ ಸಿಕ್ಕಿಬಿದ್ದವರಲ್ಲಿ ಮರಾಠಾ ಪಲ್ಟಣಗಳೂ ಇದ್ದವು. ಸುಮಾರು ಐದು ತಿಂಗಳು ಆ ಮುತ್ತಿಗೆ ನಡೆಯಿತು. ರೇಶನ್ ಇಳಿಯುತ್ತ ಹೋಯಿತು. ಕುದುರೆ ಕಡಿದು ತಿನ್ನಿ ಅಂದರು. ಜಾತಿ ಹೋದೀತು, ಊರಿಗೆ ಹೋದರೆ ಮಂದಿ ಒಳಗೆ ಕರೆಯುವುದಿಲ್ಲ ಅಂತ ಬಹಳಷ್ಟು ಭಾರತೀಯ ಸಿಪಾಯಿಗಳು ಬೇಡವೆಂದರು. ಹಸಿವಿನಿಂದ ಬಾಯಿ ಹುಣ್ಣಾಗಿ, ವಸಡು ಬಿಚ್ಚಿ, ರಕ್ತ ಕಾರಿದರು. 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಮಂದಿ ಶರಣಾದರು. ಅವರನ್ನು ಮರಳುಗಾಡಿನಲ್ಲಿ ನೂರಾರು ಮೈಲಿ ನಡೆಸಿಕೊಂಡು ಹೋದರು. ಅವರಲ್ಲಿ ಮೂರರಲ್ಲಿ ಒಂದು ಪಾಲು ಸೆರೆಯಲ್ಲೇ ಸತ್ತಿತು.

ಆ ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿಯೂ ಸಿಗದ 40 ಸಾವಿರಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ ಒಂದು ಸ್ಮಾರಕ ಇದೆ. ಅದರ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದೆ. ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಸಾಮಾನ್ಯ ಭಾರತೀಯ ಸಿಪಾಯಿಯದು ಮಾತ್ರ ಇಲ್ಲ. ಪಲ್ಟಣದ ಹೆಸರು ಬರೆದು ಕೆಳಗೆ, ಮತ್ತೆ ಇಂತಿಷ್ಟು ಮಂದಿ ಅಂತ ಒಂದು ಅಂಕಿ. ಹಾಗೆ ಬರೀ ಅಂಕಿಯಾಗಿ ಗೋಡೆ ಸೇರಿದವರು 30 ಸಾವಿರಕ್ಕೂ ಹೆಚ್ಚು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದವರು 2021ರ ಏಪ್ರಿಲಿನಲ್ಲಿ ಒಂದು ವರದಿ ತೆಗೆದು ಇದಕ್ಕೆ ಕ್ಷಮೆ ಕೇಳಿದರು. ಭಾರತ, ಆಫ್ರಿಕಾ, ಈಜಿಪ್ಟಿನ ಕಡೆಯ 45 ಸಾವಿರದಿಂದ 54 ಸಾವಿರ ಮಂದಿಯನ್ನು ಬಿಳಿಯರಿಗೆ ಸಮನಾಗಿ ನೆನೆದಿಲ್ಲ, ಕನಿಷ್ಠ 1 ಲಕ್ಷ 16 ಸಾವಿರ ಮಂದಿಯ ಹೆಸರನ್ನೇ ಬರೆದಿಲ್ಲ ಅಥವಾ ನೆನೆದೇ ಇಲ್ಲ, ಅದು ಮೂರೂವರೆ ಲಕ್ಷದವರೆಗೂ ಇರಬಹುದು ಅಂತ ಒಪ್ಪಿಕೊಂಡರು. ನೂರು ವರ್ಷ ಆದ ಮೇಲೆ. ದಿಲ್ಲಿಯ ಇಂಡಿಯಾ ಗೇಟಿನ ಕಲ್ಲಿನ ಮೇಲೂ ಇರುವ ಹೆಸರು ಸುಮಾರು 13 ಸಾವಿರ ಮಾತ್ರ. ಸತ್ತವರು 74 ಸಾವಿರ ಅನ್ನುವುದನ್ನು ನೆನಪಿಟ್ಟುಕೊಂಡು ಆ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳಬೇಕು.

ನಮ್ಮ ಸುದ್ದಿಯ ಕೆಲಸದಲ್ಲೂ ಹೀಗೇ. ಎಲ್ಲೋ ಟಂಟಂ ಪಲ್ಟಿ ಹೊಡೆದರೆ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ, "ಎಷ್ಟು ಮಂದಿ?" ಅಂಕಿ ದೊಡ್ಡದಿದ್ದರೆ ಮೊದಲ ಪುಟ, ಸಣ್ಣದಿದ್ದರೆ ಒಳಪುಟ. ಹೆಸರು ಕೇಳುವುದು ಆಮೇಲೆ, ಜಾಗ ಉಳಿದರೆ.

ಮನುಷ್ಯರಷ್ಟೇ ಹೋಗಲಿಲ್ಲ. ಕುದುರೆ, ಹೇಸರಗತ್ತೆ, ಒಂಟೆ, ಎತ್ತು ಅಂತ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಹಡಗು ಹತ್ತಿದವು. ಕಾಳುಕಡಿ, ಮೇವು, ಸೆಣಬಿನ ಚೀಲ, ಚರ್ಮ ಅಂತ ಸುಮಾರು 37 ಲಕ್ಷ ಟನ್ ಸಾಮಾನು ಹೋಯಿತು. ಮೇಲಾಗಿ 1917ರಲ್ಲಿ ಭಾರತ ಸರಕಾರ ಬ್ರಿಟನ್ನಿಗೆ 10 ಕೋಟಿ ಪೌಂಡು ‘ಕಾಣಿಕೆ’ ಕೊಟ್ಟಿತು. ಅಂದಿನ 150 ಕೋಟಿ ರೂಪಾಯಿ. ಭಾರತ ಸರಕಾರದ ಒಂದು ವರ್ಷದ ಆದಾಯಕ್ಕೆ ಸರಿಸುಮಾರು ಸಮ. ಆಗಿನ ಸುಮಾರು 31 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಐದು ರೂಪಾಯಿ ಹತ್ತಿರ, ಸಿಪಾಯಿಯೊಬ್ಬನ ಅರ್ಧ ತಿಂಗಳ ಸಂಬಳ. ಯಾರೂ ನಮ್ಮ ಹಿರಿಯರನ್ನು ಕೇಳಿ ಕೊಟ್ಟದ್ದಲ್ಲ.

ಬೆಳ್ಳಿಯೂ ತೀರಿತು. 1917ರ ನವೆಂಬರಿನಲ್ಲಿ ಮೊದಲ ಸಲ ಒಂದು ರೂಪಾಯಿಯ ಕಾಗದದ ನೋಟು ಬಂತು. ಕಲದಾರ ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ಸಪ್ಪಳ ಕೇಳಿ ಎಣಿಸುತ್ತಿದ್ದ ಮಂದಿಗೆ ಕಾಗದದ ಮೇಲೆ ನಂಬಿಗೆ ಹೇಗೆ ಬಂದೀತು? ನೋಟು ಕೊಟ್ಟು ಬೆಳ್ಳಿ ಕೊಡಿ ಅಂತ ಮುಗಿಬಿದ್ದರು. ಕೊನೆಗೆ 1918ರಲ್ಲಿ ಅಮೆರಿಕಾ ತನ್ನ ಖಜಾನೆಯಿಂದ 20 ಕೋಟಿ ಔನ್ಸ್, ಅಂದರೆ ಆರು ಸಾವಿರ ಟನ್ನಿಗೂ ಹೆಚ್ಚು ಬೆಳ್ಳಿ ಮಾರಿದ ಮೇಲೆ ಉಸಿರು ಬಂತು.

ಬನಹಟ್ಟಿ, ರಬಕವಿ, ಇಳಕಲ್ಲಿನಂಥ ನೇಕಾರರ ಊರುಗಳಿಗೆ ಯುದ್ಧ ಬಂದದ್ದು ಬಣ್ಣದ ಡಬ್ಬಿಯ ಮೂಲಕ. ಆಗ ಜಗತ್ತಿನ ರಾಸಾಯನಿಕ ಬಣ್ಣದಲ್ಲಿ ಬಹುಪಾಲು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. 1914ರ ಆಗಸ್ಟಿನಲ್ಲಿ ಜರ್ಮನಿ ವೈರಿಯಾಯಿತು, ಬಣ್ಣ ನಿಂತಿತು. ದಾಸ್ತಾನು ಇದ್ದ ವ್ಯಾಪಾರಿಗಳು ಬಾಯಿಗೆ ಬಂದ ರೇಟು ಹೇಳಿದರು. ನೂಲು ಬಣ್ಣವಾಗದೆ ಸೀರೆ ಆಗುವುದಿಲ್ಲ, ಸೀರೆ ಆಗದೆ ನೇಕಾರನ ಮನೆಯ ಒಲೆ ಹೊತ್ತುವುದಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಒಟ್ಟಾರೆ ಬೆಲೆಗಳು ಹೆಚ್ಚುಕಡಿಮೆ ದುಪ್ಪಟ್ಟಾದವು.

ಇಷ್ಟಾದರೂ ನಾನು ಇನ್ನೂ ದೊಡ್ಡ ಅಂಕಿಗೆ ಬಂದಿಲ್ಲ.

1918ರ ಜೂನ್ ತಿಂಗಳು. ಮುಂಬಯಿ ಬಂದರಿನ ಕಡೆ ಕಾವಲಿದ್ದ ಪೊಲೀಸ್ ಸಿಪಾಯಿಗಳು ಜ್ವರ ಅಂತ ದವಾಖಾನೆ ಸೇರಿದರು. ಯುದ್ಧಭೂಮಿಯಿಂದ ಹಡಗುಗಳು ಬಂದು ಹೋಗುತ್ತಿದ್ದ ಕಾಲ. ಮೊದಲ ಅಲೆ ಅಷ್ಟು ಮಂದಿಯನ್ನು ಕೊಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಎರಡನೆಯದು ಬಂತು. ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲೇ 768 ಸಾವು. ಆಮೇಲೆ ರೈಲು ಹತ್ತಿ, ಚಕ್ಕಡಿ ಹತ್ತಿ, ಮಿಲ್ಲಿನ ಕೆಲಸ ಬಿಟ್ಟು ಊರಿಗೆ ಓಡಿಬಂದವರ ಎದೆಯೊಳಗೆ ಕುಳಿತು, ಅದು ಹಳ್ಳಿಗಳಿಗೆ ಬಂತು. ಸರಕಾರದ ಕಾಗದದಲ್ಲಿ ಇನ್‌ಫ್ಲುಯೆಂಜಾ. ಮರಾಠಿಯಲ್ಲಿ ಮಾನಮೋಡಿ, ಅಂದರೆ ಕುತ್ತಿಗೆ ಮುರಿಯುವಂಥದ್ದು. ನಮ್ಮ ಮನೆಯಲ್ಲೂ ಅದೇ ಹೆಸರು.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಜೋಳ ತುಟ್ಟಿ, ಮೇವು ತುಟ್ಟಿ. ಸರಕಾರಿ ಡಾಕ್ಟರುಗಳಲ್ಲಿ ಬಹಳಷ್ಟು ಮಂದಿ ಯುದ್ಧಕ್ಕೆ ಹೋಗಿದ್ದರು. ಈ ಜ್ವರದ ವಿಚಿತ್ರ ಏನೆಂದರೆ, ಅದು ಮುದುಕರನ್ನು ಬಿಟ್ಟು ಹರೆಯದವರನ್ನು ಹುಡುಕಿ ಹಿಡಿಯಿತು. ಇಪ್ಪತ್ತರಿಂದ ನಲವತ್ತರ ನಡುವಿನವರೇ ಹೆಚ್ಚು ಸತ್ತರು. ಅವರಲ್ಲೂ ಗಂಡಸರಿಗಿಂತ ಹೆಂಗಸರು ಜಾಸ್ತಿ. ಮನೆಮಂದಿಯೆಲ್ಲ ಮಲಗಿದಾಗ ಎದ್ದು ಗಂಜಿ ಕಾಸುವವಳು ಹೆಂಗಸೇ, ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುವವಳೂ ಹೆಂಗಸೇ.

ಮುಂಬಯಿ ಪ್ರಾಂತದಲ್ಲಿ ಸತ್ತವರು ಸುಮಾರು ಹತ್ತು ಲಕ್ಷ. ಸರಕಾರದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸಾವಿರಕ್ಕೆ ಸುಮಾರು 55. ಈ ಸರಾಸರಿಯನ್ನು ಸಾವಿರ ಮಂದಿಯ ಒಂದು ಹಳ್ಳಿಗೆ ಹಚ್ಚಿ ನೋಡಿರಿ, ಎರಡು-ಮೂರು ತಿಂಗಳೊಳಗೆ 55 ಹೆಣ. ಜಮಖಂಡಿಯಷ್ಟು ದೊಡ್ಡ ಸಂಸ್ಥಾನಕ್ಕೆ ಹಚ್ಚಿದರೆ ಐದೂವರೆ ಸಾವಿರಕ್ಕೂ ಹೆಚ್ಚು. ಇದು ನಾನು ಸರಾಸರಿಯಿಂದ ತೆಗೆದ ಲೆಕ್ಕ, ಊರಿನ ರಿಜಿಸ್ಟರಿನದಲ್ಲ.

ಇಡೀ ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷ ಎಂದು ಅಂದಾಜು. ಕಡಿಮೆಯದನ್ನೇ ಹಿಡಿದರೂ 114 ಸೇರು. ಯುದ್ಧಭೂಮಿಯಲ್ಲಿ ಸತ್ತ ನಮ್ಮ ಸೈನಿಕರು ಮುಕ್ಕಾಲು ಸೇರೂ ಇಲ್ಲ ಅನ್ನುವುದನ್ನು ಇದರ ಪಕ್ಕಕ್ಕೆ ಇಡಿ. ನಾಲ್ಕು ವರ್ಷದ ಯುದ್ಧದಲ್ಲಿ ಜಗತ್ತಿನ ಎಲ್ಲ ಸೇನೆಗಳೂ ಸೇರಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಮಂದಿಯನ್ನು ಭಾರತ ಕೆಲವೇ ತಿಂಗಳಲ್ಲಿ ಕಳೆದುಕೊಂಡಿತು. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25 ಕೋಟಿ 20 ಲಕ್ಷ ಇದ್ದದ್ದು 1921ರಲ್ಲಿ 25 ಕೋಟಿ 13 ಲಕ್ಷಕ್ಕೆ ಇಳಿಯಿತು. ಜನಗಣತಿ ಶುರುವಾದ ಮೇಲೆ ಹತ್ತು ವರ್ಷದಲ್ಲಿ ನಮ್ಮ ಮಂದಿ ಹೆಚ್ಚಾಗದೆ ಕಡಿಮೆಯಾದದ್ದು ಅದೊಂದೇ ಸಲ.

ಜ್ವರ ಯುದ್ಧ ಹುಟ್ಟಿಸಿದ್ದಲ್ಲ, ಬರವೂ ಯುದ್ಧ ತಂದದ್ದಲ್ಲ ಅಂತ ವಾದ ಮಾಡಬಹುದು. ಒಪ್ಪೋಣ. ಆದರೆ ಜ್ವರವನ್ನು ಖಂಡದಿಂದ ಖಂಡಕ್ಕೆ ಅಷ್ಟು ಜೋರಾಗಿ ಹೊತ್ತದ್ದು ಸೈನಿಕರ ಹಡಗು, ರೈಲುಗಳು. ಬರ ಬಂದಾಗ ಕೈಯಲ್ಲಿ ಕಾಳಿಲ್ಲದಂತೆ, ದವಾಖಾನೆಯಲ್ಲಿ ಡಾಕ್ಟರಿಲ್ಲದಂತೆ ಮಾಡಿದ್ದು ಯುದ್ಧದ ಖರ್ಚು. ಹಾಗಿದ್ದೂ ಯುದ್ಧದಲ್ಲಿ ಸತ್ತವರ ಪಟ್ಟಿಯಲ್ಲಿ ಈ 114 ಸೇರಿನ ಒಂದು ಕಾಳೂ ಇಲ್ಲ. ಮಹಾರಾಷ್ಟ್ರ, ಪಂಜಾಬು, ತಮಿಳುನಾಡಿನ ಎಷ್ಟೋ ಹಳ್ಳಿಗಳಲ್ಲಿ, ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು ಅಂತ ಬ್ರಿಟಿಷರು ಹಾಕಿಸಿದ ಕಲ್ಲುಗಳಿವೆ. ಅದೇ ಊರಿನ ಹೊಲದಲ್ಲಿ, ಅದೇ ಅಕ್ಟೋಬರಿನಲ್ಲಿ, ಕುಡಗೋಲು ಹಿಡಿಯಲು ತ್ರಾಣವಿಲ್ಲದೆ ಸತ್ತವರಿಗೆ ಕಲ್ಲಿಲ್ಲ.

ಎರಡನೇ ಯುದ್ಧಕ್ಕೆ ಬಂದರೆ ಅಂಕಿಗಳು ಇನ್ನೂ ದೊಡ್ಡವು, ಮಾದರಿ ಮಾತ್ರ ಅದೇ.

1939ರಿಂದ 1945ರವರೆಗೆ ಜಗತ್ತಿನಲ್ಲಿ ಸತ್ತವರು 7ರಿಂದ 8 ಕೋಟಿ. ಹೆಚ್ಚಿನವರು ಸೈನಿಕರಲ್ಲ, ಸಾಮಾನ್ಯ ಜನ. ಸೋವಿಯತ್ ಒಕ್ಕೂಟವೊಂದೇ 2 ಕೋಟಿ 66 ಲಕ್ಷ ಮಂದಿಯನ್ನು ಕಳೆದುಕೊಂಡಿತು. ನಮ್ಮ ಸೇರಿನಲ್ಲಿ 250ಕ್ಕೂ ಹೆಚ್ಚು. ಹಿಟ್ಲರ್ ಕೊಲ್ಲಿಸಿದ ಯಹೂದಿಗಳು 60 ಲಕ್ಷ. ಹಿರೋಶಿಮಾದಲ್ಲಿ ಒಂದು ಬಾಂಬಿಗೆ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ. ಒಂದು ಇಡೀ ಜಮಖಂಡಿ ಸಂಸ್ಥಾನ, ಅದರ ಮೇಲೆ ಅರ್ಧ ಮುಧೋಳ ಸಂಸ್ಥಾನ.

ಭಾರತದ ಸೇನೆ 25 ಲಕ್ಷಕ್ಕೆ ಬೆಳೆಯಿತು. ಒತ್ತಾಯದ ಭರ್ತಿ ಇಲ್ಲದೆ ಕಟ್ಟಿದ ಜಗತ್ತಿನ ಅತಿ ದೊಡ್ಡ ಸೇನೆ ಅಂತ ಪುಸ್ತಕಗಳು ಹೊಗಳುತ್ತವೆ. ಹಸಿವೂ ಒಂದು ಒತ್ತಾಯ ಅನ್ನುವುದು ನನ್ನ ಅಭಿಪ್ರಾಯ. ಸತ್ತವರು ಸುಮಾರು 87 ಸಾವಿರ. ಇಟಲಿಯಲ್ಲಿ ಕಾದಿದ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ, ನಾಮದೇವ ಜಾಧವ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಘಾಡ್ಗೆ ಅದನ್ನು ನೋಡಲು ಬದುಕಿರಲಿಲ್ಲ.

ಇನ್ನು ಸಮವಸ್ತ್ರ ಇಲ್ಲದವರು. 1942ರಲ್ಲಿ ಬರ್ಮಾ ಜಪಾನಿನ ಪಾಲಾಯಿತು, ಅಲ್ಲಿನ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಸರಕಾರದ ವಿಚಾರಣಾ ಆಯೋಗ ಹೇಳಿದ್ದು 15 ಲಕ್ಷ ಸಾವು, ಆಮೇಲಿನ ಸಂಶೋಧಕರಲ್ಲಿ ಬಹಳ ಮಂದಿ ಹೇಳುವುದು 30 ಲಕ್ಷದ ಸುತ್ತ. ಅಂದರೆ 28 ಸೇರು. ಯುದ್ಧದಲ್ಲಿ ಸತ್ತ ನಮ್ಮ ಸೈನಿಕರಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು. ಬಂಗಾಳದಲ್ಲಿ ಇದು ಕ್ಷಾಮ ಅಂತ ಕಾನೂನಿನ ಪ್ರಕಾರ ಘೋಷಿಸಲೇ ಇಲ್ಲ, ಘೋಷಿಸಿದ್ದರೆ ಪರಿಹಾರ ಕೊಡುವ ಹೊಣೆ ಸರಕಾರದ ತಲೆಗೆ ಬರುತ್ತಿತ್ತು.

ಅದೇ 1942-43ರಲ್ಲಿ ನಮ್ಮ ವಿಜಾಪುರ ಜಿಲ್ಲೆಯಲ್ಲೂ ಬರ ಬಿದ್ದಿತ್ತು ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಇಲ್ಲಿ ಬರಗಾಲದ ಕಾಮಗಾರಿ ತೆಗೆದರು. ಮಂದಿ ಕಲ್ಲು ಒಡೆದು, ಮಣ್ಣು ಹೊತ್ತು ಹೇಗೋ ಜೀವ ಹಿಡಿದರು. ಬಂಗಾಳದಂತೆ ಲಕ್ಷಗಟ್ಟಲೆ ಹೆಣ ಬೀಳಲಿಲ್ಲ. ಮಳೆ ಹೋದರೆ ಬರ ಬರುತ್ತದೆ, ಅದು ಸಾವಾಗುವುದು ಬಿಡುವುದು ಕಚೇರಿಯಲ್ಲಿ ಕುಂತವರ ಕೈಯಲ್ಲಿರುತ್ತದೆ. ಬರಗಾಲದ ಸುದ್ದಿ ಬರೆಯುವ ನಾವೆಲ್ಲ ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ರೊಕ್ಕದ ಆಟ ಈ ಸಲ ಇನ್ನೂ ನಾಜೂಕಾಗಿತ್ತು. ಬ್ರಿಟನ್ ನಮ್ಮಿಂದ ಬಟ್ಟೆ, ಕಾಳು, ಬೂಟು, ಗುಂಡು ಎಲ್ಲ ಕೊಂಡಿತು, ಆದರೆ ಕೈಗೆ ಹಣ ಕೊಡಲಿಲ್ಲ. ಲಂಡನ್ನಿನಲ್ಲಿ ನಿಮ್ಮ ಖಾತೆಗೆ ಬರೆದಿಟ್ಟಿದ್ದೇವೆ ಅಂದಿತು. ಇಲ್ಲಿ ಸಾಮಾನು ಕೊಟ್ಟವರಿಗೆ ಕೊಡಲು ರಿಸರ್ವ್ ಬ್ಯಾಂಕು ನೋಟು ಅಚ್ಚು ಹಾಕಿತು. ಆರು ವರ್ಷದಲ್ಲಿ ಚಲಾವಣೆಯ ನೋಟು ಆರು ಪಟ್ಟಿನಷ್ಟಾಯಿತು. ಅಂಗಡಿಯಲ್ಲಿ ಸಾಮಾನು ಕಡಿಮೆ, ಕೈಯಲ್ಲಿ ನೋಟು ಜಾಸ್ತಿ ಆದಾಗ ಏನಾಗುತ್ತದೆ ಅಂತ ಸಂತೆಗೆ ಹೋಗುವ ಯಾರಿಗೂ ಹೇಳಬೇಕಾಗಿಲ್ಲ. ಸಗಟು ಬೆಲೆ ಹೆಚ್ಚುಕಡಿಮೆ ಎರಡೂವರೆ ಪಟ್ಟು ಏರಿತು. ಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಾದ ಬಾಕಿ ಸುಮಾರು 1,700 ಕೋಟಿ ರೂಪಾಯಿ. ಹಸುಗೂಸು ಸೇರಿ ತಲೆಗೆ 43 ರೂಪಾಯಿಯ ಸಾಲವನ್ನು ಬಡ ಭಾರತ ಶ್ರೀಮಂತ ಬ್ರಿಟನ್ನಿಗೆ ಕೊಟ್ಟಿತ್ತು.

ರೂಪಾಯಿಯೂ ಬದಲಾಯಿತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇದ್ದ ರೂಪಾಯಿ 1940ರಲ್ಲಿ ಅರ್ಧ ಬೆಳ್ಳಿಗೆ ಇಳಿಯಿತು, 1947ರ ಹೊತ್ತಿಗೆ ಬರೀ ನಿಕ್ಕಲ್ ಆಯಿತು. ಬೆಳ್ಳಿ ಹೋದದ್ದು ಮತ್ತೆ ಬರಲಿಲ್ಲ. 1943ರಲ್ಲಿ ಬಟ್ಟೆ, ನೂಲಿಗೆ ಕಂಟ್ರೋಲು ಬಂತು. ಮಗ್ಗದವರಿಗೆ ನೂಲು ಸಾಲದಾಯಿತು. 1941ರಲ್ಲಿ ಜಪಾನು ವೈರಿಯಾದಾಗ ಗಿಡ್ಡ ಎಳೆಯ ಹತ್ತಿಯನ್ನು ಕೊಳ್ಳುತ್ತಿದ್ದ ದೊಡ್ಡ ಗಿರಾಕಿಯೇ ಇಲ್ಲದಂತಾಯಿತು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ, ಬಂಗಾರದ ಗಟ್ಟಿ, ಜೊತೆಗೆ ಸುಮಾರು 1,400 ಟನ್ ಮದ್ದುಗುಂಡು ಹೊತ್ತಿದ್ದ ಫೋರ್ಟ್ ಸ್ಟೀಕಿನ್ ಎಂಬ ಹಡಗು ಸಿಡಿದು, ನೂರಾರು ಮಂದಿ ಸತ್ತು, ಸುಮಾರು 80 ಸಾವಿರ ಮಂದಿ ಮನೆ ಕಳೆದುಕೊಂಡರು. ಬಂಗಾರದ ಗಟ್ಟಿಯೊಂದು ಎಷ್ಟೋ ದೂರ ಹಾರಿ ಮನೆಯೊಂದರ ಮಾಡು ಸೀಳಿ ಒಳಗೆ ಬಿತ್ತಂತೆ. ಹತ್ತಿ ಮತ್ತು ಮದ್ದನ್ನು ಒಂದೇ ಹಡಗಿನಲ್ಲಿ ತುಂಬಿದ ಬುದ್ಧಿಗೆ ಏನನ್ನಬೇಕು?

ಆಯಿಗೆ ಇವು ಯಾವುವೂ ಗೊತ್ತಿಲ್ಲ. ಅವಳ ನೆನಪಿನಲ್ಲಿರುವುದು ಇಷ್ಟು: ಚಿಮಣಿ ಎಣ್ಣೆ ಸಿಗದೆ ಹೊತ್ತು ಮುಳುಗುವುದರೊಳಗೆ ಉಂಡು ಮಲಗುತ್ತಿದ್ದದ್ದು. ಕಂಟ್ರೋಲು ಅಂಗಡಿಯ ಸಾಲು. ಅವಳ ಅವ್ವ ಒಂದು ಸೀರೆಯನ್ನು ಎರಡು ಮಾಡಿ, ಒಣಗಿಸಿದ ಹೊತ್ತಿನಲ್ಲಿ ಹೊರಗೆ ಬಾರದೆ ಕೂತಿರುತ್ತಿದ್ದದ್ದು. ಮತ್ತೆ ಈ ತೂತಿನ ದುಡ್ಡು.

ಆವತ್ತು ಡಬ್ಬಿ ಸಿಕ್ಕ ದಿನ ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ. ನಮ್ಮ ಮನೆಯಲ್ಲಿ ಮಾನೌಮಿ ಅಮವಾಸಿಗೆ ಹಿರಿಯರಿಗೆ ಎಡಿ ಹಿಡಿಯುತ್ತೇವೆ. ಮುತ್ತ್ಯಾನ ಹೆಸರು, ಅವನ ಅಪ್ಪನ ಹೆಸರು, ಅವ್ವಂದಿರ ಹೆಸರು ಹೇಳಿ ಒಂದೊಂದು ಎಲೆ. ಕೊನೆಗೆ ಒಂದು ಎಲೆ ಬೇರೆ ಇಡುತ್ತಾರೆ. ಅದರ ಮುಂದೆ ಹಸಿರು ಕಣ, ಅರಿಷಿಣ ಕುಂಕುಮ, ಬಳಿ. ಯಾರದು ಅಂದರೆ "ಮಾನಮೋಡ್ಯಾಗ ಹೋದಾಕಿದು" ಅನ್ನುತ್ತಾರೆ. ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ, ಅದೊಂದು ದೇವರ ಹೆಸರಿರಬೇಕು ಅಂತ ಬಹಳ ವರ್ಷ ತಿಳಿದಿದ್ದೆ. 1918ರ ಲೆಕ್ಕ ಓದುವಾಗ ತಟ್ಟನೆ ತಿಳಿಯಿತು. ಅವಳು ಈ ಮನೆಯ ಸೊಸೆ. ಕೂಸನ್ನು ಬಿಟ್ಟು ಹರೆಯದಲ್ಲೇ, ಮುತ್ತೈದೆಯಾಗಿ ಸತ್ತವಳು.

"ಆಯಿ, ಆಕಿ ಹೆಸರೇನು?" ಅಂದೆ.

ಆಯಿ ಬಹಳ ಹೊತ್ತು ನೆನೆಸಿದಳು. ತನ್ನ ಅತ್ತೆಗೂ ಗೊತ್ತಿರಲಿಲ್ಲ ಅಂದಳು. ಕೂಸು ಉಳಿಯಿತಂತೆ, ಆ ಕೂಸಿನ ಹೆಸರು ಗೊತ್ತು, ಅವನ ಹೊಲದ ಸರ್ವೆ ನಂಬರು ಕೂಡ ಗೊತ್ತು.

"ಹೆಸರ ಯಾರಿಗೂ ಗೊತ್ತಿಲ್ಲಪಾ. ಎಡಿ ಅಷ್ಟ ಹಿಡೀತೀವಿ" ಅಂದಳು. ಅಣ್ಣನ ಮಗ ತೂತಿನ ದುಡ್ಡನ್ನು ಉಡದಾರದ ನೂಲಿಗೆ ಪೋಣಿಸಿಕೊಂಡು ಓಣಿಗೆ ಆಡಲು ಹೋಗಿದ್ದ.